ವರದಿಯಲ್ಲಿ ಎಸ್‌ಎಂಎನ್1 ಎಂದು ಬಂದಿದ್ದರೆ: ಆ ಜೀನ್ ಮಾಡುವ ಕೆಲಸವನ್ನು ಮನೆಯಲ್ಲೇ ಕೂತು ತಿಳಿದುಕೊಳ್ಳುವ ಬಗೆ

ಹೋದ ವರ್ಷ ಮದ್ದೂರು ಕಡೆಯ ಒಬ್ಬ ಹಳೆ ವಿದ್ಯಾರ್ಥಿನಿ ಮೈಸೂರಿನ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಎಂಟು ತಿಂಗಳ ಮಗು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಮಗು ನನ್ನನ್ನು ನೋಡಿ ನಗುತ್ತಿತ್ತು. ಕಣ್ಣು ಎಷ್ಟು ಚುರುಕು ಅಂದರೆ, ಗೋಡೆಯ ಮೇಲಿನ ಹಲ್ಲಿಯನ್ನೂ ಬಿಡದೆ ನೋಡುತ್ತಿತ್ತು. ಆದರೆ ಕತ್ತು ನಿಂತಿರಲಿಲ್ಲ.

"ಮೇಡಂ, ಪಿಯುಸಿಯಲ್ಲಿ ಜೀನ್ ಪಾಠ ಮಾಡಿದ್ದು ನೀವೇ ಅಲ್ವಾ? ಇದರಲ್ಲಿ ಏನು ಬರೆದಿದ್ದಾರೆ ಅಂತ ಒಂಚೂರು ಹೇಳಿ" ಎಂದಳು. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ (ಎಸ್‌ಎಂಎ) ಎಂಬ, ಸ್ನಾಯು ಸೊರಗುವ ಕಾಯಿಲೆಗೆ ಮಾಡಿಸಿದ್ದ ಜೀನ್ ಪರೀಕ್ಷೆಯ ವರದಿ ಅದು. ಲ್ಯಾಬಿನವರು ವರದಿ ಕೈಗೆ ಕೊಟ್ಟು ಕಳಿಸಿದ್ದರು. ಕೂರಿಸಿಕೊಂಡು ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ. ಮನೆಯಲ್ಲಿ ಅತ್ತೆ ಮಾತ್ರ ಹೇಳಿಬಿಟ್ಟಿದ್ದರು: ಇದು ನಿನ್ನ ತವರಿನ ಕಡೆಯಿಂದಲೇ ಬಂದಿದ್ದು ಅಂತ.

ಅವತ್ತು ಊಟದ ಮೇಜಿನ ಮೇಲೆ ನಾವಿಬ್ಬರೂ ಎರಡು ಗಂಟೆ ಕೂತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಜೀವಶಾಸ್ತ್ರ ಹೇಳಿಕೊಡುವವಳು. ಚಿಕಿತ್ಸೆಯ ತೀರ್ಮಾನ ಡಾಕ್ಟರರದ್ದೇ. ಆದರೆ ಈ ಜೀನ್ ಏನು ಕೆಲಸ ಮಾಡುತ್ತದೆ ಎಂದು ಒಮ್ಮೆ ಗೊತ್ತಾದರೆ ವರದಿಯ ಒಂದೊಂದು ಸಾಲೂ, ಔಷಧಿಗಳ ಒಂದೊಂದು ಹೆಸರೂ ತಾನಾಗಿ ಅರ್ಥವಾಗುತ್ತಾ ಹೋಗುತ್ತದೆ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಎನ್ನುವುದೂ ಗೊತ್ತಾಗುತ್ತದೆ.

1. ಮೊದಲು ವರದಿಯಲ್ಲಿ ನಾಲ್ಕು ಕಡೆ ಗೆರೆ ಎಳೆಯಿರಿ

ಜೀನ್‌ನ ಹೆಸರು, ಎಕ್ಸಾನ್ (ಜೀನ್‌ನ ಒಂದು ತುಂಡು, ಮುಂದೆ ಹೇಳುತ್ತೇನೆ) ಸಂಖ್ಯೆ, ಆ ಜೀನ್‌ನ ಕಾಪಿ ಎಷ್ಟು, ಯಾವ ಪರೀಕ್ಷೆ. ಇಷ್ಟೇ. ಹೆಸರು ಇಂಗ್ಲಿಷಿನ ಎಸ್, ಎಂ, ಎನ್ ಅಕ್ಷರಗಳು, ಪಕ್ಕದಲ್ಲಿ 1 ಅಥವಾ 2. ಆ ಅಂಕಿಯನ್ನು ಎರಡು ಸಲ ನೋಡಿ. 1 ಮತ್ತು 2 ಬೇರೆ ಬೇರೆ ಜೀನ್. ಇದರಲ್ಲಿ ತಪ್ಪಿದರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ. ಆ ಹುಡುಗಿಯ ವರದಿಯಲ್ಲಿ ಎಸ್‌ಎಂಎನ್1 ಎಕ್ಸಾನ್ 7 ಸೊನ್ನೆ ಕಾಪಿ, ಎಸ್‌ಎಂಎನ್2 ಎರಡು ಕಾಪಿ ಎಂದಿತ್ತು. ಪರೀಕ್ಷೆಯ ಹೆಸರು ಎಂಎಲ್‌ಪಿಎ, ಅಂದರೆ ಜೀನ್‌ನ ಕಾಪಿ ಎಣಿಸುವ ಪರೀಕ್ಷೆ.

2. ಒಂದು ಮೊಳ ಹೂವು ತನ್ನಿ

ಇದನ್ನು ಸುಮ್ನೆ ಹೇಳುತ್ತಿಲ್ಲ. ಕೈಯಲ್ಲಿ ಹಿಡಿದು ನೋಡಿದ್ದು ಮರೆಯುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಜೊತೆ ಮರುಗ ಸೇರಿಸಿ ಕಟ್ಟಿದ ದಂಡೆ ಸಿಗುತ್ತದೆ. ಅದರಲ್ಲಿ ಮರುಗವೇ ಜಾಸ್ತಿ, ನಡುನಡುವೆ ಅಲ್ಲಲ್ಲಿ ಮಾತ್ರ ಮಲ್ಲಿಗೆ ಇದೆ ಎಂದುಕೊಳ್ಳಿ. ನಿಮಗೆ ಬೇಕಿರುವುದು ಬರೀ ಮಲ್ಲಿಗೆಯ ದಂಡೆ. ಏನು ಮಾಡುತ್ತೀರಿ? ಮರುಗ ಇರುವಷ್ಟು ಉದ್ದವನ್ನು ಎರಡೂ ಕಡೆ ಕತ್ತರಿಸಿ ತೆಗೆದು, ಮಲ್ಲಿಗೆ ಇರುವ ತುಂಡುಗಳನ್ನು ಗಂಟು ಹಾಕಿ ಸೇರಿಸುತ್ತೀರಿ.

ನಮ್ಮ ಜೀವಕೋಶದೊಳಗೆ ಪ್ರತಿ ಕ್ಷಣ ನಡೆಯುತ್ತಿರುವುದು ಇದೇ. ಡಿಎನ್‌ಎಯಲ್ಲಿ ಇರುವ ಜೀನ್ ಮೊದಲು ಒಂದು ಉದ್ದನೆಯ ಆರ್‌ಎನ್‌ಎ ನಕಲಾಗುತ್ತದೆ. ಅದರಲ್ಲಿ ಪ್ರೋಟೀನಿಗೆ ಬೇಕಾದ ತುಂಡುಗಳೂ ಇರುತ್ತವೆ, ಬೇಡದ ತುಂಡುಗಳೂ ಇರುತ್ತವೆ. ಬೇಕಾದದ್ದು ಎಕ್ಸಾನ್, ಅದು ಮಲ್ಲಿಗೆ. ಬೇಡದ್ದು ಇಂಟ್ರಾನ್, ಅದು ಮರುಗ. ಎಸ್‌ಎಂಎನ್1 ಜೀನ್ ಸುಮಾರು 28,000 ಅಕ್ಷರದಷ್ಟು ಉದ್ದ (ಅಕ್ಷರ ಅಂದರೆ ಡಿಎನ್‌ಎ ಬರಹದ ಎ, ಟಿ, ಜಿ, ಸಿ). ಕತ್ತರಿಸಿ ಜೋಡಿಸಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಒಂದೂವರೆ ಸಾವಿರ ಅಕ್ಷರ. ಈ ಕತ್ತರಿಸಿ ಸೇರಿಸುವ ಕೆಲಸಕ್ಕೆ ಸ್ಪ್ಲೈಸಿಂಗ್ ಎನ್ನುತ್ತಾರೆ. 1977ರಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರ ತಂಡಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು. ಅವರಿಬ್ಬರಿಗೂ 1993ರಲ್ಲಿ ನೊಬೆಲ್ ಬಂತು.

ದಂಡೆಯ ಎರಡು ತುದಿಗೂ ಕೆಲಸ ಇದೆ. ಮೊದಲ ತುದಿಗೆ ಬಿಚ್ಚಿಹೋಗದ ಹಾಗೆ ಒಂದು ಟೋಪಿ ಕೂರುತ್ತದೆ. ಕೊನೆಯ ತುದಿಗೆ 'ಎ' ಅಕ್ಷರವೇ ಇನ್ನೂರರಷ್ಟು ಸಾಲಾಗಿ ಸೇರುತ್ತದೆ, ಅದು ಬಾಲ. ಟೋಪಿ, ಕತ್ತರಿ, ಬಾಲ ಮೂರೂ ಮುಗಿದ ಮೇಲೆಯೇ ಅದು ಎಂ-ಆರ್‌ಎನ್‌ಎ. ಆಮೇಲೆ ಪ್ರೋಟೀನ್ ತಯಾರಾಗುವ ಜಾಗಕ್ಕೆ ಹೊರಡುತ್ತದೆ. ಕೋವಿಡ್ ಲಸಿಕೆಯ ದಿನಗಳಲ್ಲಿ ಕೇಳಿದ್ದೇವಲ್ಲ, ಅದೇ ಎಂ-ಆರ್‌ಎನ್‌ಎ.

3. ಎಸ್‌ಎಂಎನ್ ಕತ್ತರಿಯಲ್ಲ, ಕತ್ತರಿ ಮಾಡಿಕೊಡುವ ಕುಲುಮೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪಾಠ ಮಾಡುವಾಗ ಹುಡುಗರು ಎಡವುವುದು ಈ ಜಾಗದಲ್ಲೇ.

ಮರುಗ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಗುರುತು ಹಿಡಿದು ಕತ್ತರಿಸುವ ಸಾಧನಗಳಿಗೆ ಯು1, ಯು2, ಯು4, ಯು5, ಯು6 ಎಂದು ಹೆಸರು. ಒಂದೊಂದೂ ಒಂದು ಚಿಕ್ಕ ಆರ್‌ಎನ್‌ಎ ತುಂಡು ಮತ್ತು ಕೆಲವು ಪ್ರೋಟೀನು ಸೇರಿ ಆದದ್ದು. ಇವು ಹುಟ್ಟುವಾಗಲೇ ಸಿದ್ಧವಾಗಿ ಇರುವುದಿಲ್ಲ, ಜೋಡಿಸಬೇಕು.

ಒನಕೆ ನೋಡಿದ್ದೀರಲ್ಲ? ಅದರ ತುದಿಗೆ ಕಬ್ಬಿಣದ ಬಳೆ ಹಾಕಿರುತ್ತಾರೆ, ಅಣಸು ಅಂತಾರೆ. ಅಣಸು ಇಲ್ಲದಿದ್ದರೆ ಮರ ನಾಲ್ಕೇ ದಿನಕ್ಕೆ ಸೀಳಿಹೋಗುತ್ತದೆ. ಯು1, ಯು2, ಯು4, ಯು5 ಇವಕ್ಕೂ ಹಾಗೇ ಒಂದು ಅಣಸು ಬೇಕು. ಏಳು ಪ್ರೋಟೀನುಗಳು ವೃತ್ತವಾಗಿ ಕೂತು ಆ ಚಿಕ್ಕ ಆರ್‌ಎನ್‌ಎಯ ಸುತ್ತ ಬಳೆಯಾಗುತ್ತವೆ. ಈ ಏಳಕ್ಕೆ ಎಸ್‌ಎಂ ಪ್ರೋಟೀನುಗಳು ಎಂದು ಹೆಸರು. ಅಣಸು ಕೂರಿಸುವ ಕೆಲಸ ಎಸ್‌ಎಂಎನ್ ಪ್ರೋಟೀನಿನದು. ಅದು ಒಂಟಿಯಾಗಿ ಮಾಡುವುದಿಲ್ಲ. ಜೆಮಿನ್ ಎಂಬ ಹಲವು ಜೊತೆಗಾರ ಪ್ರೋಟೀನುಗಳಿವೆ. ಎಲ್ಲ ಸೇರಿ, ಕೋಶಕೇಂದ್ರದ ಹೊರಗೆ ಈ ಕುಲುಮೆ ನಡೆಸುತ್ತವೆ. ಬಳೆ ಕೂತ ಮೇಲೆ ಸಾಧನ ಮತ್ತೆ ಕೋಶಕೇಂದ್ರದೊಳಗೆ ಹೋಗಿ ಕತ್ತರಿಸುವ ಕೆಲಸಕ್ಕೆ ನಿಲ್ಲುತ್ತದೆ.

ಅಂದರೆ ಎಸ್‌ಎಂಎನ್ ಕಡಿಮೆಯಾದರೆ ನೇರವಾಗಿ ಒಂದು ಪ್ರೋಟೀನ್ ಕೆಟ್ಟಿತು ಅಂತ ಅಲ್ಲ. ಸಾಧನಗಳೇ ಸಾಕಷ್ಟು ತಯಾರಾಗುವುದಿಲ್ಲ. ಆಗ ಬೇರೆ ಸಾವಿರಾರು ಜೀನ್‌ಗಳ ದಂಡೆ ಕಟ್ಟುವುದರಲ್ಲೂ ಏರುಪೇರಾಗುತ್ತದೆ. ಕಬ್ಬು ಕಡಿಯುವ ಹೊತ್ತಿಗೆ ಊರಿನ ಕುಲುಮೆ ನಿಂತರೆ ತೊಂದರೆ ಒಂದು ಗದ್ದೆಗೆ ಮಾತ್ರ ಅಲ್ಲವಲ್ಲ, ಹಾಗೆ.

ಎಸ್‌ಎಂಎನ್‌ಗೆ ಇನ್ನೂ ಕೆಲಸಗಳಿವೆ. ಹಿಸ್ಟೋನ್ ಎಂಬ ಪ್ರೋಟೀನುಗಳ ಎಂ-ಆರ್‌ಎನ್‌ಎಗೆ 'ಎ' ಬಾಲ ಇರುವುದಿಲ್ಲ, ಅದರ ಕೊನೆಯನ್ನು ಬೇರೆ ರೀತಿ ಕತ್ತರಿಸಬೇಕು. ಆ ಕತ್ತರಿಯ ಹೆಸರು ಯು7. ಅದನ್ನು ಜೋಡಿಸುವುದೂ ಈ ಕುಲುಮೆಯೇ. ನರಕೋಶದ ಉದ್ದನೆಯ ಎಳೆಯೊಳಗೆ ಎಂ-ಆರ್‌ಎನ್‌ಎಗಳನ್ನು ದೂರಕ್ಕೆ ಸಾಗಿಸುವುದರಲ್ಲೂ ಎಸ್‌ಎಂಎನ್‌ಗೆ ಪಾಲಿದೆ.

ಎಲ್ಲ ಕೋಶಕ್ಕೂ ಬೇಕಾದ ಪ್ರೋಟೀನ್ ಕಡಿಮೆಯಾದಾಗ ಮೊದಲು ಸೋಲುವುದು ಬೆನ್ನುಹುರಿಯ ಚಾಲಕ ನರಕೋಶಗಳು. ಕೈಕಾಲು ಆಡಿಸು ಎಂದು ಸ್ನಾಯುವಿಗೆ ಹೇಳುವುದು ಇವೇ. ದೊಡ್ಡವರಲ್ಲಿ ಸೊಂಟದಿಂದ ಪಾದದವರೆಗೆ ಹೋಗುವ ಇಂಥ ಒಂದು ಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದ ಇರುತ್ತದೆ. ಯಾಕೆ ಇವೇ ಮೊದಲು ಸೋಲುತ್ತವೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತ ಇಲ್ಲ. ಕತ್ತರಿಯ ಕೊರತೆ ಎನ್ನುವವರಿದ್ದಾರೆ, ಸಾಗಣೆಯ ಕೊರತೆ ಎನ್ನುವವರಿದ್ದಾರೆ. ಈ ಕೋಶಗಳು ಸಾಯುತ್ತಾ ಬಂದಾಗ ಸ್ನಾಯು ಸೊರಗುತ್ತದೆ. ಆ ಕಾಯಿಲೆಯೇ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಎಸ್‌ಎಂಎ. ಬುದ್ಧಿಗೆ, ಸ್ಪರ್ಶಕ್ಕೆ ಏನೂ ಆಗಿರುವುದಿಲ್ಲ. ಆ ಮಗುವಿನ ಕಣ್ಣು ಅಷ್ಟು ಚುರುಕಾಗಿದ್ದದ್ದು ಅದಕ್ಕೇ.

4. ಎಸ್‌ಎಂಎನ್2: ಒಂದಕ್ಷರದ ವ್ಯತ್ಯಾಸ

1995ರಲ್ಲಿ ಪ್ಯಾರಿಸ್ಸಿನಲ್ಲಿ ಜುಡಿತ್ ಮೆಲ್ಕಿ ಅವರ ತಂಡ ಐದನೇ ಕ್ರೋಮೋಸೋಮಿನ ಮೇಲೆ ಈ ಜೀನ್ ಹುಡುಕಿತು. ಪಕ್ಕದಲ್ಲೇ ಅದರ ತದ್ರೂಪಿನಂಥ ಇನ್ನೊಂದು ಸಿಕ್ಕಿತು. ಅದೇ ಎಸ್‌ಎಂಎನ್2. ಇಲಿಗೆ ಇದು ಇಲ್ಲ, ಚಿಂಪಾಂಜಿಗೂ ಇಲ್ಲ. ಮನುಷ್ಯರಿಗೆ ಮಾತ್ರ ಇರುವ ಆಸರೆ ಇದು. ಇಲಿಯಲ್ಲಿ ಎಸ್‌ಎಂಎನ್ ಪೂರ್ತಿ ತೆಗೆದರೆ ಮರಿ ಭ್ರೂಣವಾಗಿರುವಾಗಲೇ ಸಾಯುತ್ತದೆ. ನಮ್ಮ ಮಕ್ಕಳು ಹುಟ್ಟಿ, ನಗುತ್ತಿರುವುದು ಎಸ್‌ಎಂಎನ್2 ಇರುವುದರಿಂದ. ಇದನ್ನು ಹೇಳಿದಾಗ ಆ ಹುಡುಗಿ ವರದಿಯಲ್ಲಿದ್ದ 'ಎರಡು ಕಾಪಿ' ಎಂಬುದರ ಮೇಲೆ ಬೆರಳಿಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದಳು.

ಹಾಗಾದರೆ ಎಸ್‌ಎಂಎನ್2 ಇದ್ದೂ ಯಾಕೆ ಸಾಲುವುದಿಲ್ಲ? ಏಳನೇ ಎಕ್ಸಾನ್ ಬರೀ 54 ಅಕ್ಷರದ್ದು. ಅದರ ಆರನೇ ಅಕ್ಷರ ಎಸ್‌ಎಂಎನ್1ರಲ್ಲಿ 'ಸಿ', ಎಸ್‌ಎಂಎನ್2ರಲ್ಲಿ 'ಟಿ'. ಅರ್ಥ ಬದಲಾಗುವುದಿಲ್ಲ. 'ಕೈ' ಎಂದು ಬರೆದರೂ 'ಕಯ್' ಎಂದು ಬರೆದರೂ ಓದಿದಾಗ ಒಂದೇ ಅಲ್ವಾ? ಹಾಗೆ, ಎರಡೂ ಕಾಗುಣಿತಕ್ಕೂ ಬರುವುದು ಫಿನೈಲಲನಿನ್ ಎಂಬ ಒಂದೇ ಅಮೈನೋ ಆಮ್ಲ. ಆದರೆ ಕತ್ತರಿ ಅರ್ಥ ನೋಡುವುದಿಲ್ಲ, ಗುರುತು ನೋಡುತ್ತದೆ. 'ಸಿ' ಇದ್ದಾಗ 'ಇದು ಮಲ್ಲಿಗೆ, ಇರಲಿ' ಎನ್ನುವ ಪ್ರೋಟೀನ್ ಅಲ್ಲಿ ಬಂದು ಕೂರುತ್ತದೆ. 'ಟಿ' ಆದಾಗ ಆ ಹಿಡಿತ ತಪ್ಪಿ, 'ಇದನ್ನು ಬಿಡು' ಎನ್ನುವ ಪ್ರೋಟೀನಿಗೆ ಜಾಗ ಸಿಗುತ್ತದೆ. ಕತ್ತರಿ ಏಳನೇ ಎಕ್ಸಾನನ್ನೂ ಮರುಗ ಅಂದುಕೊಂಡು ತೆಗೆದುಬಿಡುತ್ತದೆ. ಹೀಗೆ ಎಸ್‌ಎಂಎನ್2ರಿಂದ ಬರುವ ದಂಡೆಗಳಲ್ಲಿ ಹತ್ತಕ್ಕೆ ಒಂದರಷ್ಟು ಮಾತ್ರ ಪೂರ್ತಿ ಇರುತ್ತವೆ. ಉಳಿದವು ಕೊಡುವ ಪ್ರೋಟೀನ್ ಬೇಗ ಕರಗಿಹೋಗುತ್ತದೆ.

ಕತ್ತರಿ ಮಾಡಿಕೊಡುವ ಜೀನ್‌ನ ಆಸರೆಯೇ ಕತ್ತರಿಯ ತಪ್ಪಿನಿಂದ ಅರ್ಧಕ್ಕೆ ನಿಂತಿದೆ. ಇಷ್ಟು ವರ್ಷ ಪಾಠ ಮಾಡಿದರೂ ಇದನ್ನು ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

5. ಈಗ ಕಾಪಿ ಸಂಖ್ಯೆ ಓದಿ

ಎಸ್‌ಎಂಎನ್1 ಸೊನ್ನೆ ಎಂದರೆ ತಾಯಿಯಿಂದ ಬರಬೇಕಾದದ್ದೂ ಇಲ್ಲ, ತಂದೆಯಿಂದ ಬರಬೇಕಾದದ್ದೂ ಇಲ್ಲ. ಎಸ್‌ಎಂಎ ಇರುವವರಲ್ಲಿ ಸುಮಾರು 95 ಭಾಗ ಜನರ ವರದಿ ಹೀಗೇ ಇರುತ್ತದೆ. ಒಂದು ಎಂದರೆ ಸಾಮಾನ್ಯವಾಗಿ ವಾಹಕರು, ಅಂದರೆ ದೋಷವನ್ನು ಮಕ್ಕಳಿಗೆ ದಾಟಿಸಬಹುದಾದವರು. ಅವರಿಗೆ ಕಾಯಿಲೆ ಇಲ್ಲ, ಬರುವುದೂ ಇಲ್ಲ. ಆದರೆ ಮಗುವಿಗೆ ಎಸ್‌ಎಂಎ ಲಕ್ಷಣ ಇದ್ದು, ವರದಿಯಲ್ಲಿ ಒಂದು ಕಾಪಿ ಬಂದರೆ ಅಲ್ಲಿಗೇ ಬಿಡಬೇಡಿ. ಉಳಿದ ಆ ಕಾಪಿಯಲ್ಲೇ ಅಕ್ಷರ ದೋಷ ಇರಬಹುದು. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಎಸ್‌ಎಂಎನ್2 ಜಾಸ್ತಿ ಇದ್ದಷ್ಟೂ ಕಾಯಿಲೆಯ ತೀವ್ರತೆ ಸಾಮಾನ್ಯವಾಗಿ ಕಡಿಮೆ. ಎರಡು ಕಾಪಿ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಆರು ತಿಂಗಳ ಒಳಗೇ ಲಕ್ಷಣ ಕಾಣುತ್ತದೆ, ಅದು ಟೈಪ್ 1. ಮೂರು ಇದ್ದರೆ ಕೂರುವಷ್ಟು ಶಕ್ತಿ ಬರುವುದು ಜಾಸ್ತಿ. ನಾಲ್ಕು ಇದ್ದರೆ ನಡೆಯುವವರೂ ಇದ್ದಾರೆ. ಇದು ಒಲವು ಮಾತ್ರ, ಹಣೆಬರಹ ಅಲ್ಲ. ಅಂಕಿ ನೋಡಿ ನೀವೇ ಭವಿಷ್ಯ ಬರೆದುಕೊಳ್ಳಬೇಡಿ.

ಪರೀಕ್ಷೆಯ ಬಗ್ಗೆ ಎರಡು ಮಾತು. ಮೊದಲನೆಯದು, 'ಎಕ್ಸೋಮ್ ಮಾಡಿಸಿದ್ದೇವೆ, ಎಲ್ಲ ಜೀನೂ ನೋಡಿದ್ದಾರೆ, ಏನೂ ಇಲ್ಲ' ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಎಸ್‌ಎಂಎನ್1 ಮತ್ತು 2 ಒಂದೇ ಥರ ಇರುವುದರಿಂದ ಮಾಮೂಲಿ ಎಕ್ಸೋಮ್ ಪರೀಕ್ಷೆಯ ಕಣ್ಣಿಗೆ ಇದು ತಪ್ಪಿಹೋಗಬಹುದು. ಕಾಪಿ ಎಣಿಸುವ ಎಂಎಲ್‌ಪಿಎಯಂಥ ಪರೀಕ್ಷೆಯೇ ಆಗಬೇಕು. ಎರಡನೆಯದು, ವಾಹಕರ ಪರೀಕ್ಷೆಯಲ್ಲಿ ಎರಡು ಕಾಪಿ ಬಂದರೂ ಕೆಲವರು ವಾಹಕರಾಗಿರಬಹುದು. ಎರಡೂ ಕಾಪಿ ಒಂದೇ ಕ್ರೋಮೋಸೋಮಿನ ಮೇಲೆ ಕೂತು, ಇನ್ನೊಂದು ಖಾಲಿ ಇರುತ್ತದೆ. ಇದು ಅಪರೂಪ, ಆದರೂ ಮನೆಯಲ್ಲಿ ಈಗಾಗಲೇ ಎಸ್‌ಎಂಎ ಮಗು ಇದ್ದರೆ ಡಾಕ್ಟರ ಹತ್ತಿರ ಇದನ್ನು ಕೇಳಲೇಬೇಕು.

6. ಮನೆತನದ ನಕ್ಷೆ ಬರೆಯಿರಿ, ಅತ್ತೆಯನ್ನೂ ಕೂರಿಸಿಕೊಳ್ಳಿ

ಹಾಳೆಯಲ್ಲಿ ಗಂಡ, ಹೆಂಡತಿ, ಇಬ್ಬರ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲರನ್ನೂ ಬರೆಯಿರಿ. ಮಗುವಿಗೆ ಸೊನ್ನೆ ಕಾಪಿ ಎಂದರೆ ಖಾಲಿ ಕ್ರೋಮೋಸೋಮ್ ಎರಡೂ ಕಡೆಯಿಂದ ಬಂದಿದೆ. ಒಬ್ಬರಿಂದ ಮಾತ್ರ ಬಂದರೆ ಈ ಕಾಯಿಲೆ ಆಗುವುದೇ ಇಲ್ಲ. ಸುಮಾರು ನೂರಕ್ಕೆ ಎರಡು ಸಲ ಮಾತ್ರ ಒಂದು ಕಡೆಯ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ, ಅದೂ ಯಾರ ತಪ್ಪೂ ಅಲ್ಲ. ಗ್ರಹಣ ನೋಡಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ, ಸೊಸೆಯ ಕಾಲ್ಗುಣಕ್ಕೆ ಎಕ್ಸಾನ್ 7 ಬಿದ್ದುಹೋಗುವುದಿಲ್ಲ. ಆ ಹುಡುಗಿಯ ಅತ್ತೆಗೆ ಫೋನಿನಲ್ಲೇ ದಂಡೆಯ ಲೆಕ್ಕ ಹೇಳಿದೆ. "ಹಂಗಾದ್ರೆ ನನ್ನ ಮಗಂದೂ ಅರ್ಧ ಐತೆ ಅನ್ನಿ" ಎಂದರು. ಹೌದಮ್ಮ, ಸರಿಯಾಗಿ ಅರ್ಧ ಎಂದೆ.

ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿಗೂ ನಾಲ್ಕಕ್ಕೆ ಒಂದು ಸಾಧ್ಯತೆ. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರಕ್ಕೆ ಬರುವುದಿಲ್ಲ ಎನ್ನುವ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿ ನಾಲ್ಕಕ್ಕೆ ಒಂದೇ.

ನಮ್ಮ ಮಂಡ್ಯ, ಮೈಸೂರು ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಇವತ್ತಿಗೂ ಇದೆ. ಜನಸಾಮಾನ್ಯರಲ್ಲಿ ಸುಮಾರು 40ರಿಂದ 60 ಜನಕ್ಕೆ ಒಬ್ಬರು ವಾಹಕರು. ಆದರೆ ಸೋದರಮಾವ ವಾಹಕನಾಗಿದ್ದರೆ ಅಕ್ಕ ವಾಹಕಿಯಾಗಿರುವ ಸಾಧ್ಯತೆ ಎರಡಕ್ಕೆ ಒಂದು, ಅವಳ ಮಗಳು ವಾಹಕಿಯಾಗಿರುವ ಸಾಧ್ಯತೆ ನಾಲ್ಕಕ್ಕೆ ಒಂದು. ಐವತ್ತಕ್ಕೆ ಒಂದು ಎಲ್ಲಿ, ನಾಲ್ಕಕ್ಕೆ ಒಂದು ಎಲ್ಲಿ! ಹೊರಗಿನ ಸಂಬಂಧದಲ್ಲೂ ಎಸ್‌ಎಂಎ ಬರುತ್ತದೆ, ಆ ಹುಡುಗಿಯದು ಹೊರಗಿನ ಸಂಬಂಧವೇ. ಹಾಗಾಗಿ ಸಂಬಂಧದಲ್ಲಿ ಆದವರು ಮಾತ್ರ ಪರೀಕ್ಷೆ ಮಾಡಿಸಬೇಕು ಎಂದೂ ಅಲ್ಲ.

ಮತ್ತೆ ಬಸುರಿಯಾದರೆ 11ನೇ ವಾರದ ಹೊತ್ತಿಗೆ ಗರ್ಭದ ಮಾಸಿನ ಚೂರು ತೆಗೆದು, ಇಲ್ಲವೇ 16ನೇ ವಾರದ ಸುಮಾರಿಗೆ ಗರ್ಭದ ನೀರು ತೆಗೆದು ನೋಡಬಹುದು. ನೋಂದಾಯಿತ ಕೇಂದ್ರದಲ್ಲೇ ಮಾಡಿಸಬೇಕು. ಗಂಡೋ ಹೆಣ್ಣೋ ಎಂದು ಹೇಳುವಂತಿಲ್ಲ, ಕೇಳುವಂತೆಯೂ ಇಲ್ಲ, ಅದು ಕಾನೂನು.

7. ಔಷಧಿಗಳು ದಂಡೆಯ ಯಾವ ಜಾಗಕ್ಕೆ ಕೈ ಹಾಕುತ್ತವೆ

ಮೂರು ಹೆಸರು ಕೇಳುತ್ತೀರಿ. ನುಸಿನರ್ಸನ್‌ಗೆ ಅಮೆರಿಕದಲ್ಲಿ 2016ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಏಳನೇ ಎಕ್ಸಾನಿನ ಪಕ್ಕದ ಮರುಗದಲ್ಲಿ 'ಬಿಟ್ಟುಬಿಡು' ಎಂದು ಹೇಳುವ ಒಂದು ಚಿಕ್ಕ ಜಾಗ ಇದೆ. ಈ ಔಷಧಿ ಆ ಜಾಗಕ್ಕೆ ಅಂಟಿಕೊಂಡು ಅದನ್ನು ಮುಚ್ಚುತ್ತದೆ. ಆಗ ಎಸ್‌ಎಂಎನ್2ರ ದಂಡೆಯಲ್ಲಿ ಏಳನೇ ಎಕ್ಸಾನ್ ಉಳಿಯುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೂಜಿಯಿಂದ ಕೊಡುತ್ತಾರೆ. ಮೊದಲ ಎರಡು ತಿಂಗಳಲ್ಲಿ 4 ಸಲ, ಆಮೇಲೆ 4 ತಿಂಗಳಿಗೊಮ್ಮೆ.

ರಿಸ್ಡಿಪ್ಲಾಮ್ ಬಾಯಿಗೆ ದಿನಾ ಹಾಕುವ ದ್ರವ, 2020ರಲ್ಲಿ ಬಂದದ್ದು. ಯು1 ಎಂಬ ಸಾಧನ ಏಳನೇ ಎಕ್ಸಾನಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಹಾಗೆ ಮಾಡುತ್ತದೆ. ಮೂರನೇ ಹಂತದಲ್ಲಿ ಅಣಸು ಹಾಕಿಸಿಕೊಂಡು ಬಂತಲ್ಲ, ಅದೇ ಯು1.

ಜೋಲ್ಜೆನ್ಸ್ಮಾ ಬೇರೆ ದಾರಿಯದು. ರೋಗ ತರದ ಒಂದು ವೈರಸ್ಸಿನ ಚಿಪ್ಪಿನೊಳಗೆ, ಮರುಗವನ್ನೆಲ್ಲ ಮೊದಲೇ ತೆಗೆದ ಎಸ್‌ಎಂಎನ್ ಬರಹವನ್ನೇ ಇಟ್ಟು, ಒಂದೇ ಸಲ ರಕ್ತಕ್ಕೆ ಬಿಡುತ್ತಾರೆ. 2019ರಲ್ಲಿ ಅಮೆರಿಕದಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಒಪ್ಪಿಗೆಯಾಯಿತು.

ಮೊದಲೆರಡೂ ಕೆಲಸ ಮಾಡುವುದು ಎಸ್‌ಎಂಎನ್2ರ ಮೇಲೆ ಎಂದು ಗಮನಿಸಿದಿರಾ? ವರದಿಯಲ್ಲಿ ಅದರ ಕಾಪಿ ಎಣಿಸುವುದಕ್ಕೆ ಇದೂ ಒಂದು ಕಾರಣ. ಸತ್ತ ನರಕೋಶವನ್ನು ಯಾವ ಔಷಧಿಯೂ ವಾಪಸ್ ತರುವುದಿಲ್ಲ. ಉಳಿದಿರುವುದನ್ನು ಕಾಪಾಡುತ್ತದೆ. ಅದಕ್ಕೇ ಲಕ್ಷಣ ಕಾಣುವ ಮೊದಲೇ ಶುರು ಮಾಡಿದ ಮಕ್ಕಳಲ್ಲಿ ಫಲ ಎಲ್ಲಕ್ಕಿಂತ ಚೆನ್ನಾಗಿದೆ. 'ದಸರಾ ಕಳೀಲಿ, ನೋಡೋಣ' ಎನ್ನಬೇಡಿ.

8. ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ದುಡ್ಡಿನ ಮಾತು ಇಲ್ಲದೆ ಇದು ಮುಗಿಯುವುದಿಲ್ಲ, ಈ ಔಷಧಿಗಳು ಅಷ್ಟು ದುಬಾರಿ. ಕೇಂದ್ರ ಸರ್ಕಾರದ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ, 2021ರಲ್ಲಿ ಎಸ್‌ಎಂಎ ಸೇರಿದೆ. ಅದರಡಿ ಗುರುತಿಸಿದ ಕೇಂದ್ರಗಳ ಮೂಲಕ ಒಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶ ಇದೆ. ನಮಗೆ ಹತ್ತಿರದ್ದು ಬೆಂಗಳೂರು. ಅಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅಂಥ ಒಂದು ಕೇಂದ್ರ. ನಿಮ್ಮ ಮಕ್ಕಳ ಡಾಕ್ಟರಿಂದ ಅಲ್ಲಿಗೆ ಪತ್ರ ಬರೆಸಿಕೊಳ್ಳಿ. ಮೂಲ ವರದಿ, ಮಗುವಿನ ಆಧಾರ್, ತಾಯಿ ಕಾರ್ಡು, ಲಸಿಕೆ ಪುಸ್ತಕ, ಮನೆತನದ ನಕ್ಷೆ ಒಂದೇ ಫೈಲಿನಲ್ಲಿರಲಿ. ಮೊಬೈಲಿನಲ್ಲಿ ಮಗು ಕೈಕಾಲು ಆಡಿಸುವ, ಉಸಿರಾಡುವ ಎರಡು ನಿಮಿಷದ ವಿಡಿಯೋ ಇಟ್ಟುಕೊಳ್ಳಿ. ಪ್ರಯಾಣದ ಸುಸ್ತಿನಲ್ಲಿ ಮಗು ಅಲ್ಲಿ ಆಡದೇ ಇರಬಹುದು.

ಔಷಧಿ ಸಿಗುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಫಿಸಿಯೋಥೆರಪಿ ಈಗಲೇ ಶುರುವಾಗಲಿ. ಲಸಿಕೆ ತಪ್ಪಿಸಬೇಡಿ. ಈ ಮಕ್ಕಳಿಗೆ ಪಕ್ಕೆಲುಬಿನ ಸ್ನಾಯು ಸೋತಿರುತ್ತದೆ, ಹೊಟ್ಟೆಯಿಂದಲೇ ಉಸಿರಾಡುತ್ತವೆ. ಸಾಮಾನ್ಯ ಶೀತವೂ ಬೇಗ ನ್ಯುಮೋನಿಯಾ ಆಗಬಹುದು. ಹಾಲು ಕುಡಿಯುವಾಗ ಪದೇಪದೇ ನೆತ್ತಿಗೇರಿದರೆ, ಉಸಿರು ಎಳೆಯುವಾಗ ಎದೆ ಒಳಕ್ಕೆ ಹೋದರೆ ಮನೆಮದ್ದು ಬೇಡ. ಅದೇ ರಾತ್ರಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಜೀನ್ ಬಗ್ಗೆ ಇನ್ನೂ ಓದಬೇಕಾದರೆ ಎನ್‌ಸಿಬಿಐ ಜೀನ್ ಎಂಬ ತಾಣದಲ್ಲಿ ಎಸ್‌ಎಂಎನ್1ರ ಸಂಖ್ಯೆ 6606, ಎಸ್‌ಎಂಎನ್2ರದ್ದು 6607. ಹೆಸರಿನ ಬದಲು ಸಂಖ್ಯೆ ಹಾಕಿದರೆ ಗೊಂದಲ ಆಗುವುದಿಲ್ಲ. ಯುನಿಪ್ರಾಟ್ ಎಂಬ ಪ್ರೋಟೀನ್ ಮಾಹಿತಿಯ ತಾಣದಲ್ಲಿ ಈ ಪ್ರೋಟೀನಿನ ಗುರುತು ಕ್ಯೂ16637, ಉದ್ದ 294 ಅಮೈನೋ ಆಮ್ಲ. ಅಲ್ಲಿ ಕೆಲಸದ ವಿವರ ಇರುವ ಭಾಗವನ್ನು ಮೊದಲು ಓದಿ, ಕಾಯಿಲೆಯ ಭಾಗವನ್ನು ಆಮೇಲೆ ಓದಿ.

9. ಉಳಿದವರಿಗೆ ಹೇಳಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಮಗುವಿನ ಚಿಕ್ಕಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ ಇವರಲ್ಲಿ ಒಬ್ಬೊಬ್ಬರೂ ವಾಹಕರಾಗಿರುವ ಸಾಧ್ಯತೆ ಎರಡಕ್ಕೆ ಒಂದು. ಮದುವೆಯಾದವರಾದರೆ ಮೊದಲು ಅವರ ರಕ್ತ ಪರೀಕ್ಷೆ ಆಗಲಿ. ವಾಹಕರೆಂದು ಬಂದರೆ ಅವರ ಗಂಡ ಅಥವಾ ಹೆಂಡತಿಯದ್ದು. ಮದುವೆ ಆಗಬೇಕಾದವರಿಗೆ ಇದರಿಂದ ಸಂಬಂಧ ತಪ್ಪೀತು ಎಂದು ಮನೆಯವರು ಬಚ್ಚಿಡುತ್ತಾರೆ. ವಾಹಕರಾಗಿರುವುದು ಕಾಯಿಲೆ ಅಲ್ಲ, ಗಂಡು ಹೆಣ್ಣು ಇಬ್ಬರೂ ವಾಹಕರಾದಾಗ ಮಾತ್ರ ಯೋಚನೆ ಎಂದು ಬಿಡಿಸಿ ಹೇಳಿ.

ಆ ಹುಡುಗಿ ನಮ್ಮ ಮನೆಯ ಜಗುಲಿಯಲ್ಲಿ ನಿಂತೇ ಪಾಂಡವಪುರದ ನಾದಿನಿಗೆ ಫೋನ್ ಮಾಡಿದಳು. ನಾದಿನಿಗೆ ಆಗ ಎರಡು ತಿಂಗಳು.